ಎರಡು ಕಡ್ಡಿ, ಒಂದು ಬಟ್ಟಲು: ಚಾಪ್‌ಸ್ಟಿಕ್ ಊಟ ಹುಟ್ಟಿ ಹರಡಿದ ಬಗೆ

ಅಕ್ಕನ ಮಗಳು ರಜೆಗೆ ಬಂದಿದ್ದಳು. ಪಿಯುಸಿ ಓದುವ ಹುಡುಗಿ, ಕೊರಿಯನ್ ಧಾರಾವಾಹಿಗಳ ಹುಚ್ಚು. ಬರುವಾಗಲೇ ಸೂಪರ್ ಮಾರ್ಕೆಟ್‌ನಿಂದ ಖಾರದ ಕೊರಿಯನ್ ನೂಡಲ್ಸ್ ಪೊಟ್ಟಣವನ್ನೂ ಒಂದು ಜೊತೆ ಸ್ಟೀಲ್ ಚಾಪ್‌ಸ್ಟಿಕ್ಕನ್ನೂ ತಂದಿದ್ದಳು. ರಾತ್ರಿ ನೂಡಲ್ಸ್ ಹೇಗೋ ಬಾಯಿಗೆ ಸೇರಿತು. ಬೆಳಿಗ್ಗೆ ಅದೇ ಕಡ್ಡಿ ಹಿಡಿದು ಚಿತ್ರಾನ್ನಕ್ಕೆ ಕೂತಳು. ಸೋನಾ ಮಸೂರಿ ಅಕ್ಕಿ, ಅನ್ನ ಉದುರುದುರಾಗಿತ್ತು. ಒಂದು ಅಗುಳು ಸಿಕ್ಕರೆ ನಾಲ್ಕು ಜಾರಿ ತಟ್ಟೆಗೇ ಬೀಳುತ್ತಿದ್ದವು. ಸಾಕಾಗಿ ಕೇಳಿದಳು: “ಮಾಮಾ, ಅವರೂ ತಿನ್ನೋದು ಅನ್ನಾನೇ ತಾನೆ? ಅವರಿಗೆ ಹೇಗೆ ಬರುತ್ತೆ?”

ಕೈ ಪಳಗಿದರೆ ಬರುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದು ಅರ್ಧ ಉತ್ತರ. ಬೆಂಗಳೂರಿನಲ್ಲಿ ಈಗ ಜಪಾನಿ, ಕೊರಿಯನ್ ಊಟದ ಹೋಟೆಲುಗಳು ಒಂದೆರಡಲ್ಲ. ಅಲ್ಲಿ ಕೂತವರೆಲ್ಲ ಒಮ್ಮೆಯಾದರೂ ಈ ಕಡ್ಡಿಗಳ ಜೊತೆ ಗುದ್ದಾಡಿರುತ್ತಾರೆ. ಇನ್ನರ್ಧ ಉತ್ತರ ಕಡ್ಡಿಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಅದು ಇರುವುದು ಅವಳ ಮುಂದಿದ್ದ ತಟ್ಟೆಯಲ್ಲಿ. ಅದನ್ನು ಹೇಳಬೇಕಾದರೆ ಮೂರು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಒಂದು ವಸ್ತು, ಹಲವು ಹೆಸರು

‘ಚಾಪ್‌ಸ್ಟಿಕ್’ ಎನ್ನುವುದು ಚೀನಾದ ಬಂದರುಗಳಿಗೆ ಬಂದ ಇಂಗ್ಲಿಷ್ ವರ್ತಕರ, ನಾವಿಕರ ಬಾಯಲ್ಲಿ ಹುಟ್ಟಿದ ಮಾತು. ಅಲ್ಲಿನ ಬೆರಕೆ ಇಂಗ್ಲಿಷಿನಲ್ಲಿ ‘ಚಾಪ್ ಚಾಪ್’ ಎಂದರೆ ಬೇಗ ಬೇಗ. ಚೀನೀಯರು ಇದನ್ನು ಕರೆಯುವುದು ‘ಕ್ವಾಯ್‌ತ್ಸ’ ಎಂದು. ಜಪಾನಿನಲ್ಲಿ ‘ಹಾಶಿ’, ಕೊರಿಯಾದಲ್ಲಿ ‘ಚೊತ್‌ಕಾರಾಕ್’, ವಿಯೆಟ್ನಾಮಿನಲ್ಲಿ ‘ಡುವಾ’. ಚೀನಾದ ಹಳೆಯ ಹೆಸರು ಬೇರೆಯೇ ಇತ್ತು, ‘ಝು’ ಎಂದು. ಅದು ಬದಲಾದ ಕಥೆಗೆ ಮುಂದೆ ಬರುತ್ತೇನೆ.

ಮೊದಲು ಅದು ಒಲೆಯ ಮುಂದಿನ ಕೋಲು

ಚೀನಾದ ಹೆನಾನ್ ಪ್ರಾಂತ್ಯದ ಆನ್ಯಾಂಗ್ ಬಳಿ ಶಾಂಗ್ ರಾಜವಂಶದ ಕೊನೆಯ ರಾಜಧಾನಿಯ ಅವಶೇಷಗಳಿವೆ. ಅಲ್ಲಿನ ಗೋರಿಗಳಲ್ಲಿ ಕಂಚಿನ ಕಡ್ಡಿಗಳು ಸಿಕ್ಕಿವೆ. ಕಾಲ ಸುಮಾರು ಕ್ರಿ.ಪೂ. 1200. ಇವು ಉಣ್ಣುವುದಕ್ಕಿಂತ ಅಡುಗೆಗೆ ಬಳಕೆಯಾಗಿದ್ದಿರಬೇಕು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಕುದಿಯುವ ಪಾತ್ರೆಯಿಂದ ತುಂಡು ಹೆಕ್ಕಲು, ಕೆಂಡ ಸರಿಸಲು, ಬೆಂದಿದೆಯೇ ಎಂದು ಚುಚ್ಚಿ ನೋಡಲು ಕೋಲು ಬೇಕು.

ನಮ್ಮ ಅಡುಗೆಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾದ ಎಣ್ಣೆಯಿಂದ ಚಕ್ಕುಲಿ, ಕೋಡುಬಳೆ ಎತ್ತಲು ಉದ್ದನೆಯ ಕಬ್ಬಿಣದ ಕಡ್ಡಿ ನಮ್ಮಲ್ಲೂ ಇದೆ. ರಾಗಿ ಹಿಟ್ಟು ತೊಳಸಲು ಮುದ್ದೆ ಕೋಲು ಇದೆ. ಬಿಸಿಯಿಂದ ಕೈ ಉಳಿಸಿಕೊಳ್ಳಲು ಕೋಲು ಹಿಡಿಯುವುದು ಎಲ್ಲ ನಾಡಿನಲ್ಲೂ ತೋಚುವ ಉಪಾಯ. ಚೀನಾದಲ್ಲಿ ಆ ಕೋಲು ಒಲೆಯ ಮುಂದಿನಿಂದ ಎದ್ದು ಊಟದ ಎದುರಿಗೆ ಬಂದು ಕೂತಿತು, ನಮ್ಮಲ್ಲಿ ಒಲೆಯ ಹತ್ತಿರವೇ ಉಳಿಯಿತು.

ಬರಗಿನ ಅನ್ನಕ್ಕೆ ಕಡ್ಡಿ ಹಚ್ಚಬೇಡ

ಊಟಕ್ಕೆ ಬಂದ ಮೇಲೂ ಬಹುಕಾಲ ಕಡ್ಡಿಗೆ ಎರಡನೇ ಸ್ಥಾನವೇ. ಉತ್ತರ ಚೀನಾದ ಆಗಿನ ಮುಖ್ಯ ಧಾನ್ಯ ಅಕ್ಕಿಯಲ್ಲ. ನವಣೆ ಮತ್ತು ಬರಗು. ಹೌದು, ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬೆಳೆಯುವ ಅವೇ ಸಿರಿಧಾನ್ಯಗಳು. ಸಣ್ಣ ಕಾಳು, ಬೆಂದರೆ ಗಂಜಿಯಾಗುತ್ತದೆ, ಇಲ್ಲವೇ ಮರಳಿನಂತೆ ಉದುರುತ್ತದೆ. ಎರಡನ್ನೂ ಕಡ್ಡಿಯಲ್ಲಿ ಎತ್ತಲಾಗದು.

ಆದ್ದರಿಂದ ಧಾನ್ಯಕ್ಕೆ ಚಮಚ ಅಥವಾ ಕೈ, ಸಾರಿನೊಳಗಿನ ಸೊಪ್ಪು ತರಕಾರಿಗೆ ಕಡ್ಡಿ ಎಂಬ ವಿಂಗಡಣೆ ಇತ್ತು. ಪ್ರಾಚೀನ ಚೀನೀಯರ ಆಚಾರ ವಿಧಿಗಳ ಗ್ರಂಥದಲ್ಲಿ ಬರಗಿನ ಅನ್ನವನ್ನು ಕಡ್ಡಿಯಿಂದ ತಿನ್ನಬಾರದು ಎಂದೇ ಹೇಳಿದೆ. ಸಾರಿನಲ್ಲಿ ತರಕಾರಿ ಇದ್ದರೆ ಕಡ್ಡಿ ಬಳಸು, ಇಲ್ಲದಿದ್ದರೆ ಬೇಡ ಎಂದಿದೆ. ಇನ್ನೂ ಸ್ವಾರಸ್ಯದ ಮಾತೆಂದರೆ, ಎಲ್ಲರೂ ಒಟ್ಟಿಗೆ ಉಣ್ಣುವಾಗ ಅನ್ನವನ್ನು ಉಂಡೆ ಕಟ್ಟಬೇಡ ಎಂಬ ಬುದ್ಧಿಮಾತೂ ಅಲ್ಲೇ ಇದೆ. ಅಂದರೆ ಆ ಕಾಲದ ಚೀನೀಯರು ಅನ್ನವನ್ನು ನಮ್ಮಂತೆ ಕೈಯಲ್ಲೇ ತಿನ್ನುತ್ತಿದ್ದರು.

ಕ್ರಿ.ಪೂ. 233ರಲ್ಲಿ ತೀರಿಕೊಂಡ ಚಿಂತಕ ಹಾನ್ ಫೇ ಒಂದು ಕಥೆ ಹೇಳುತ್ತಾನೆ. ಶಾಂಗ್ ವಂಶದ ಕೊನೆಯ ರಾಜ ದಂತದ ಕಡ್ಡಿ ಮಾಡಿಸಿಕೊಂಡನಂತೆ. ಅದನ್ನು ಕಂಡು ಅವನ ಬಂಧು ಜೀತ್ಸ ಬೆಚ್ಚಿಬಿದ್ದ. ದಂತದ ಕಡ್ಡಿ ಬಂದ ಮೇಲೆ ಮಣ್ಣಿನ ಬಟ್ಟಲು ಹಿಡಿಸುವುದಿಲ್ಲ, ರತ್ನದ ಬಟ್ಟಲು ಬೇಕಾಗುತ್ತದೆ. ಆಮೇಲೆ ಸೊಪ್ಪು ಕಾಳು ರುಚಿಸುವುದಿಲ್ಲ, ಅಪರೂಪದ ಮಾಂಸ ಬೇಕು. ಆಮೇಲೆ ಒರಟು ಬಟ್ಟೆ, ಹುಲ್ಲಿನ ಮಾಡು ಸಾಕಾಗುವುದಿಲ್ಲ. ರಾಜ್ಯ ಮುಳುಗುವ ದಾರಿ ಅವನಿಗೆ ಆ ಎರಡು ಕಡ್ಡಿಗಳಲ್ಲೇ ಕಂಡಿತು. ಕಥೆ ನಡೆದದ್ದೋ ಕಟ್ಟಿದ್ದೋ, ಹಾನ್ ಫೇ ಕಾಲಕ್ಕೆ ಕಡ್ಡಿ ಎಲ್ಲರಿಗೂ ಗೊತ್ತಿದ್ದ ವಸ್ತು ಎಂಬುದಂತೂ ಇದರಿಂದ ತಿಳಿಯುತ್ತದೆ.

ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದರೆ ಹುನಾನ್ ಪ್ರಾಂತ್ಯದ ಚಾಂಗ್ಶಾ ನಗರದ ಮಾವಾಂಗ್‌ದುಯ್ ಗೋರಿ ಇದೆ. 1972ರಲ್ಲಿ ಅಗೆದಾಗ ಎರಡು ಸಾವಿರ ವರ್ಷ ಕೆಡದೆ ಉಳಿದ ಒಬ್ಬ ಸಿರಿವಂತ ಹೆಂಗಸಿನ ದೇಹ ಸಿಕ್ಕಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅವಳ ಪರಲೋಕದ ಊಟಕ್ಕೆಂದು ಅರಗಿನ ಮೆರುಗಿನ ಒಂದು ಹರಿವಾಣ ಇಟ್ಟಿದ್ದರು. ಅದರ ಮೇಲೆ ತಟ್ಟೆಗಳು, ಬಟ್ಟಲು, ಜೊತೆಗೆ ಒಂದು ಜೊತೆ ಬಿದಿರಿನ ಕಡ್ಡಿ. ಬಂಗಾರವಲ್ಲ, ದಂತವಲ್ಲ, ಬರೀ ಬಿದಿರು.

ಬೀಸುವ ಕಲ್ಲು ತಂದ ಬದಲಾವಣೆ

ಕಡ್ಡಿಗೆ ಮೊದಲ ಬಡ್ತಿ ಸಿಕ್ಕಿದ್ದು ಗೋಧಿಯಿಂದ. ಗೋಧಿ ಚೀನಾಕ್ಕೆ ಪಶ್ಚಿಮದಿಂದ ಬಂದ ಬೆಳೆ. ಇಡಿಯಾಗಿ ಬೇಯಿಸಿದರೆ ಅಷ್ಟೇನೂ ರುಚಿಯಿಲ್ಲ. ಹಾನ್ ವಂಶದ ಕಾಲದಲ್ಲಿ, ಅಂದರೆ ಕ್ರಿ.ಪೂ. 202ರಿಂದ ಕ್ರಿ.ಶ. 220ರವರೆಗೆ, ಬೀಸುವ ಕಲ್ಲು ವ್ಯಾಪಕವಾಗಿ ಬಳಕೆಗೆ ಬಂತು. ಗೋಧಿ ಹಿಟ್ಟಾಯಿತು, ಹಿಟ್ಟು ಕಣಕವಾಯಿತು, ಕಣಕದಿಂದ ಎಳೆಗಳೂ ಹೂರಣದ ಕಡುಬುಗಳೂ ಬಂದವು. ಬಿಸಿ ನೀರಿನಲ್ಲಿ ತೇಲುವ ಶಾವಿಗೆಯಂಥ ಉದ್ದನೆಯ ಎಳೆಯನ್ನು ಚಮಚದಿಂದ ಎತ್ತಿ ನೋಡಿ, ಜಾರುತ್ತದೆ. ಎರಡು ಕಡ್ಡಿಯಲ್ಲಿ ಹಿಡಿದರೆ ನಿಲ್ಲುತ್ತದೆ. ನೂಡಲ್ಸ್‌ಗೂ ಕಡ್ಡಿಗೂ ಬಿದ್ದ ಗಂಟು ಇವತ್ತಿಗೂ ಬಿಚ್ಚಿಲ್ಲ. ಥಾಯ್ಲೆಂಡಿನವರು ಅನ್ನವನ್ನು ಚಮಚ, ಫೋರ್ಕ್‌ನಲ್ಲಿ ಉಣ್ಣುತ್ತಾರೆ; ನೂಡಲ್ಸ್ ಬಂದರೆ ಮಾತ್ರ ಕಡ್ಡಿ ಕೈಗೆತ್ತಿಕೊಳ್ಳುತ್ತಾರೆ.

ಇದಕ್ಕೆ ಜೊತೆಗೂಡಿದ್ದು ಅಡುಗೆಮನೆಯಲ್ಲೇ ಎಲ್ಲವನ್ನೂ ಸಣ್ಣಗೆ ಹೆಚ್ಚುವ ಪದ್ಧತಿ. ಸಣ್ಣ ತುಂಡು ಬೇಗ ಬೇಯುತ್ತದೆ, ಸೌದೆ ಉಳಿಯುತ್ತದೆ. ಒಂದೇ ಗಾತ್ರಕ್ಕೆ ಹೆಚ್ಚಿದ ತರಕಾರಿ, ಮಾಂಸ ಬಾಯಿ ಅಳತೆಗೇ ಬರುವುದರಿಂದ ಊಟದ ಜಾಗದಲ್ಲಿ ಚಾಕುವಿಗೆ ಕೆಲಸವೇ ಇಲ್ಲ. ಊಟದ ಮೇಜಿಗೆ ಚಾಕು ಬೇಡ ಎಂದು ಕನ್‌ಫ್ಯೂಷಿಯಸ್ ಹೇಳಿದ, ಅದಕ್ಕೇ ಕಡ್ಡಿ ಬಂತು ಎಂಬ ಮಾತು ಅಂತರ್ಜಾಲದಲ್ಲಿ ಬಹಳ ಓಡಾಡುತ್ತದೆ. ಅದನ್ನು ನಂಬಬೇಕಿಲ್ಲ. ಸಜ್ಜನನಾದವನು ಪ್ರಾಣಿ ಕೊಯ್ಯುವ ಅಡುಗೆಮನೆಯಿಂದ ದೂರ ಇರುತ್ತಾನೆ ಎಂದದ್ದು ಅವನ ನಂತರದ ಚಿಂತಕ ಮೆನ್ಸಿಯಸ್. ಅದು ಕರುಣೆಯ ಕುರಿತ ಮಾತು, ಕಡ್ಡಿಯ ಕುರಿತದ್ದಲ್ಲ.

ಚಂಪಾದ ಭತ್ತ, ಎತ್ತಿ ಹಿಡಿದ ಬಟ್ಟಲು

ಈಗ ಅಕ್ಕನ ಮಗಳು ಕೇಳಿದ ಪ್ರಶ್ನೆ. ಕಡ್ಡಿ ಅನ್ನಕ್ಕೂ ಬಂದದ್ದು ಹೇಗೆ?

ದಕ್ಷಿಣ ಚೀನಾದಲ್ಲಿ ಅಕ್ಕಿ ಮೊದಲಿಂದಲೂ ಇತ್ತು. ಅದು ದೇಶದ ಮುಖ್ಯ ಆಹಾರವಾಗಿ ಬೆಳೆದದ್ದು ಸಾಂಗ್ ವಂಶದ ಕಾಲದಲ್ಲಿ. 1012ರಲ್ಲಿ ಯಾಂಗ್‌ತ್ಸೆ ನದಿಯ ಸೀಮೆಗೆ ಬರ ಬಂದಾಗ ಚಕ್ರವರ್ತಿ ಝೆನ್‌ಝಾಂಗ್ ಫೂಜಿಯಾನ್‌ನಿಂದ ಒಂದು ಬಗೆಯ ಭತ್ತದ ಬೀಜ ತರಿಸಿ ರೈತರಿಗೆ ಹಂಚಿದ. ಅದರ ಮೂಲ ಈಗಿನ ವಿಯೆಟ್ನಾಮಿನಲ್ಲಿದ್ದ ಚಂಪಾ ರಾಜ್ಯ. ಸಂಸ್ಕೃತದಲ್ಲಿ ಶಾಸನ ಬರೆಸಿದ, ಶಿವನಿಗೆ ಗುಡಿ ಕಟ್ಟಿಸಿದ ರಾಜರ ನಾಡು ಅದು. ಆ ಭತ್ತ ಬೇಗ ಕೊಯ್ಲಿಗೆ ಬರುತ್ತಿತ್ತು, ನೀರು ಕಡಿಮೆಯಾದರೂ ತಡೆಯುತ್ತಿತ್ತು. ಅದರಿಂದ ಎಷ್ಟೋ ಕಡೆ ವರ್ಷಕ್ಕೆ ಎರಡು ಬೆಳೆ ಸಾಧ್ಯವಾಯಿತು.

ಬೆಂದ ಅಕ್ಕಿ, ಬರಗಿನಂತಲ್ಲದೆ, ಸ್ವಲ್ಪವಾದರೂ ಒಂದಕ್ಕೊಂದು ಅಂಟುತ್ತದೆ. ಅಂಟು ಎಷ್ಟು ಎಂಬುದನ್ನು ತೀರ್ಮಾನಿಸುವುದು ಅಕ್ಕಿಯ ಪಿಷ್ಟ. ಪಿಷ್ಟದಲ್ಲಿ ಎರಡು ಬಗೆ: ಅಮೈಲೋಸ್ ಜಾಸ್ತಿ ಇದ್ದರೆ ಅನ್ನ ಉದುರು, ಅಮೈಲೋಪೆಕ್ಟಿನ್ ಜಾಸ್ತಿ ಇದ್ದರೆ ಅಂಟು. ಜಪಾನ್, ಕೊರಿಯಾಗಳ ಗಿಡ್ಡ ಅಕ್ಕಿ ಎರಡನೆಯ ಬಗೆಗೆ ಹತ್ತಿರ. ಕಡ್ಡಿಯಲ್ಲಿ ಹಿಡಿದರೆ ಸಣ್ಣ ತುತ್ತಾಗಿಯೇ ಏಳುತ್ತದೆ.

ಅಂಟು ಅಕ್ಕಿಯೇ ಪೂರಾ ಉತ್ತರ ಎನ್ನುವಂತೆಯೂ ಇಲ್ಲ. ಚಂಪಾ ಭತ್ತ ಅಂಥ ಅಂಟಿನದಲ್ಲ. ದಕ್ಷಿಣ ಚೀನಾದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಉಣ್ಣುವುದು ಉದುರು ಅನ್ನವನ್ನೇ. ಅವರು ಮಾಡುವುದೇನೆಂದು ಗಮನಿಸಿ. ಅನ್ನ ಇರುವುದು ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಬಟ್ಟಲಿನಲ್ಲಿ. ಎಡಗೈಯಲ್ಲಿ ಅದನ್ನು ಎತ್ತಿ ತುಟಿಯ ಹತ್ತಿರ ಹಿಡಿಯುತ್ತಾರೆ. ಬಲಗೈಯ ಕಡ್ಡಿಗಳು ಅನ್ನವನ್ನು ಎತ್ತುವುದಿಲ್ಲ, ಬಾಯಿಗೆ ನೂಕುತ್ತವೆ. ಅಗುಳು ಪ್ರಯಾಣ ಮಾಡಬೇಕಾದ ದೂರ ಎರಡು ಬೆರಳಗಲ. ತಟ್ಟೆಯಿಂದ ಬಾಯಿಗೆ ಒಂದು ಮೊಳ ದೂರ ಅಗುಳನ್ನು ಸಾಗಿಸಲು ಹೊರಟಿದ್ದಳು ನಮ್ಮ ಹುಡುಗಿ. ತಟ್ಟೆ ಇಟ್ಟುಕೊಂಡರೆ ಬೀಜಿಂಗಿನವರಿಗೂ ಚಿತ್ರಾನ್ನ ಕಷ್ಟವೇ.

ಮಿಂಗ್ ವಂಶದ ಕಾಲಕ್ಕೆ, ಅಂದರೆ 1368ರ ನಂತರದ ಶತಮಾನಗಳಲ್ಲಿ, ಚೀನಾದಲ್ಲಿ ಚಮಚ ಸಾರಿಗಷ್ಟೇ ಸೀಮಿತವಾಗಿ ಅನ್ನಕ್ಕೂ ಪಲ್ಯಕ್ಕೂ ಕಡ್ಡಿಯೇ ನಿಂತಿತು. ಅಷ್ಟರಲ್ಲಿ ಜನ ಚಾಪೆ ಬಿಟ್ಟು ಕುರ್ಚಿ ಮೇಜಿಗೆ ಬಂದಿದ್ದರು, ಮಧ್ಯದಲ್ಲಿಟ್ಟ ಪದಾರ್ಥವನ್ನು ಎಲ್ಲರೂ ಹಂಚಿಕೊಳ್ಳುವ ರೂಢಿ ಬಂದಿತ್ತು. ಕೈ ಚಾಚಿ ತೆಗೆದುಕೊಳ್ಳಲು ಉದ್ದದ ಕಡ್ಡಿ ಬೇಕು. ಚೀನಾದ ಕಡ್ಡಿ ಸುಮಾರು 25 ಸೆಂ.ಮೀ. ಉದ್ದ, ತುದಿ ಮೊಂಡು.

ಹೆಸರು ಬದಲಾದದ್ದೂ ಇದೇ ಕಾಲದಲ್ಲಿ. ಹಳೆಯ ‘ಝು’ ಶಬ್ದದ ಉಚ್ಚಾರಕ್ಕೂ ‘ನಿಲ್ಲು’ ಎಂಬರ್ಥದ ಮಾತಿಗೂ ವ್ಯತ್ಯಾಸವಿಲ್ಲ. ಸೂಜೌ ಸೀಮೆಯ ದೋಣಿಕಾರರಿಗೆ ಅದು ಅಪಶಕುನ. ಹುಟ್ಟು ಹಾಕುವಾಗ ಯಾರು ‘ನಿಲ್ಲು’ ಎಂದಾರು? ಅವರು ಅದನ್ನು ತಿರುಗಿಸಿ ‘ಕ್ವಾಯ್’, ಬೇಗ, ಎಂದರು. 15ನೇ ಶತಮಾನದ ಲು ರಾಂಗ್ ಎಂಬ ಅಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ, ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ನಮಗೆ ಆ ದೋಣಿಕಾರರ ಮನಸ್ಸು ಅರ್ಥವಾಗುತ್ತದೆ. ‘ಕ್ವಾಯ್‌ತ್ಸ’ ಎಂಬುದು ಕಿವಿಗೆ ‘ಬೇಗ ಮಗುವಾಗಲಿ’ ಎಂದೂ ಕೇಳುವುದರಿಂದ ಮದುವೆಯಲ್ಲಿ ಕಡ್ಡಿ ಉಡುಗೊರೆ ಕೊಡುವ ಪದ್ಧತಿಯೂ ಬಂತು.

ಗಡಿ ದಾಟಿದಾಗ ಬದಲಾದ ಆಕಾರ

ವಿಯೆಟ್ನಾಮಿನ ಉತ್ತರ ಭಾಗ ಕ್ರಿ.ಪೂ. 111ರಿಂದ ಸುಮಾರು ಸಾವಿರ ವರ್ಷ ಚೀನಾದ ಆಳ್ವಿಕೆಯಲ್ಲಿತ್ತು. ಕಡ್ಡಿ, ಬಟ್ಟಲು ಎರಡೂ ಅಲ್ಲಿ ಹಾಗೆಯೇ ನೆಲೆಗೊಂಡವು.

ಜಪಾನಿನ ಜನ ಕೈಯಲ್ಲಿ ಊಟ ಮಾಡುತ್ತಾರೆ ಎಂದು 3ನೇ ಶತಮಾನದ ಚೀನೀ ಇತಿಹಾಸಕಾರರು ಬರೆದಿದ್ದಾರೆ. 607ರಲ್ಲಿ ಓನೊ ನೊ ಇಮೊಕೊ ಎಂಬ ರಾಯಭಾರಿ ಚೀನಾಕ್ಕೆ ಹೋಗಿಬಂದ. ಅಲ್ಲಿಂದಾಚೆಗೆ ಅರಮನೆಯಲ್ಲಿ ಕಡ್ಡಿಯ ಊಟ ಆರಂಭವಾಯಿತು ಎನ್ನುವುದು ಅಲ್ಲಿನ ನಂಬಿಕೆ. ಹಳೆಯ ರಾಜಧಾನಿ ನಾರಾದ ಅರಮನೆಯ ನೆಲದಲ್ಲಿ ಹಿನೋಕಿ ಮರದ ಕಡ್ಡಿಗಳು ಸಿಕ್ಕಿವೆ. 675ರಲ್ಲಿ ಚಕ್ರವರ್ತಿ ತೆನ್ಮು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸ ತಿನ್ನುವುದನ್ನು ನಿಷೇಧಿಸಿದ. ಮೀನು ಉಳಿಯಿತು. ಜಪಾನಿ ಕಡ್ಡಿಯ ಸೂಜಿಯಂಥ ತುದಿಗೆ ಮೀನಿನ ಮುಳ್ಳು ಬಿಡಿಸುವ ಕೆಲಸ ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಮಣೆಯಲ್ಲಿ ಬಡಿಸುತ್ತಿದ್ದರು, ಕೈ ಚಾಚುವ ಪ್ರಮೇಯವಿಲ್ಲ. ಹಾಗಾಗಿ ಕಡ್ಡಿ ಗಿಡ್ಡ. ಸಾರನ್ನೂ ಬಟ್ಟಲೆತ್ತಿ ಕುಡಿಯುವುದರಿಂದ ಚಮಚವೇ ಬೇಕಿಲ್ಲ. ಹೊಸ ವರ್ಷದ ಊಟಕ್ಕೆ ಎರಡೂ ತುದಿ ಚೂಪಾದ ಕಡ್ಡಿ ಬಳಸುತ್ತಾರೆ. ಒಂದು ತುದಿ ಉಣ್ಣುವವರಿಗೆ, ಇನ್ನೊಂದು ದೇವರಿಗೆ. ನೈವೇದ್ಯವೂ ಪ್ರಸಾದವೂ ಒಂದೇ ಕಡ್ಡಿಯಲ್ಲಿ.

ಕೊರಿಯಾದ ದಾರಿ ಬೇರೆ. 523ರಲ್ಲಿ ತೀರಿಕೊಂಡ ಬೆಕ್ಜೆ ರಾಜ್ಯದ ದೊರೆ ಮುರ್ಯೊಂಗ್‌ನ ಗೋರಿಯಲ್ಲಿ ಕಂಚಿನ ಚಮಚಗಳೂ ಕಡ್ಡಿಗಳೂ ಜೊತೆಯಾಗಿಯೇ ಸಿಕ್ಕವು. ಇವತ್ತಿಗೂ ಅಲ್ಲಿ ಅವು ಬೇರೆಯಾಗಿಲ್ಲ: ಅನ್ನಕ್ಕೆ, ಸಾರಿಗೆ ಚಮಚ, ಪಲ್ಯಗಳಿಗೆ ಲೋಹದ ಚಪ್ಪಟೆ ಕಡ್ಡಿ. ಕಾರಣ ಊಹಿಸುವುದು ಕಷ್ಟವಲ್ಲ. ಕೊರಿಯನ್ನರು ಬಟ್ಟಲನ್ನು ಎತ್ತುವುದಿಲ್ಲ, ಎತ್ತುವುದು ಅಸಭ್ಯ. ಬಿಸಿ ಅನ್ನ ತುಂಬಿದ ಲೋಹದ ಬಟ್ಟಲು ಕೈ ಸುಡುತ್ತದೆ ಕೂಡ. ಬಟ್ಟಲು ಕೆಳಗೇ ಉಳಿದ ನಾಡಿನಲ್ಲಿ ಚಮಚವೂ ಉಳಿಯಿತು. ಅಂದರೆ ನಮ್ಮ ಹುಡುಗಿ ತಂದ ಕೊರಿಯನ್ ಕಡ್ಡಿ ಅನ್ನಕ್ಕೆಂದು ಮಾಡಿದ್ದೇ ಅಲ್ಲ.

ಬೆಳ್ಳಿಯ ಕಡ್ಡಿ ವಿಷ ತಾಗಿದರೆ ಕಪ್ಪಾಗುತ್ತದೆ ಎಂಬ ನಂಬಿಕೆ ಹಳೆಯದು. ಬೆಳ್ಳಿ ಕಪ್ಪಾಗುವುದು ಗಂಧಕಕ್ಕೆ. ಮೊಟ್ಟೆ ತಾಗಿದರೂ ಕಪ್ಪಾಗುತ್ತದೆ. ಗಂಧಕವಿಲ್ಲದ ಶುದ್ಧ ವಿಷಕ್ಕೆ ಆಗುವುದಿಲ್ಲ.

ಭಾರತಕ್ಕೆ ಏಕೆ ಬರಲಿಲ್ಲ?

ಬೌದ್ಧ ಧರ್ಮ ಇಲ್ಲಿಂದ ಚೀನಾಕ್ಕೆ ಹೋಯಿತು, ಯಾತ್ರಿಕರು ಅಲ್ಲಿಂದ ಇಲ್ಲಿಗೆ ಬಂದರು. ಕಡ್ಡಿ ಮಾತ್ರ ಬರಲಿಲ್ಲ. ಇದನ್ನು ಕಣ್ಣಾರೆ ಕಂಡು ಬರೆದವನು ನಮಗೆ ಚಿರಪರಿಚಿತ: ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಸುತ್ತಿದ ಹ್ಯುಯೆನ್ ತ್ಸಾಂಗ್. ಭಾರತೀಯರು ಒಂದೇ ಪಾತ್ರೆಯಲ್ಲಿ ಎಲ್ಲ ರುಚಿಗಳನ್ನೂ ಬೆರೆಸಿ ಬೆರಳಿನಿಂದ ಉಣ್ಣುತ್ತಾರೆ, ಚಮಚವೂ ಇಲ್ಲ ಕಡ್ಡಿಯೂ ಇಲ್ಲ, ಕಾಯಿಲೆಯವರು ತಾಮ್ರದ ಚಮಚ ಬಳಸುತ್ತಾರೆ ಎಂದು ಅವನು ಬರೆದ. ಅದೇ ಶತಮಾನದಲ್ಲಿ ಬಂದ ಇನ್ನೊಬ್ಬ ಚೀನೀ ಯಾತ್ರಿಕ ಇತ್ಸಿಂಗ್ ಕೂಡ, ಇಲ್ಲಿ ಬಲಗೈಯಲ್ಲೇ ಊಟ, ಕಡ್ಡಿಯ ಸುದ್ದಿಯೇ ಇಲ್ಲ ಎಂದ.

ಹ್ಯುಯೆನ್ ತ್ಸಾಂಗ್ ಕಣ್ಣಿಗೆ ಬಿದ್ದ ‘ಬೆರೆಸುವುದು’ ಎಂಬ ಒಂದು ಕ್ರಿಯೆಯಲ್ಲೇ ಕಾರಣ ಅಡಗಿದೆ. ನಾವು ಕಲಸುತ್ತೇವೆ. ಅನ್ನಕ್ಕೆ ಸಾರು, ಹುಳಿ, ಮೊಸರು ಹಾಕಿ ಕಲಸಿ, ಹದ ನೋಡಿ ತುತ್ತು ಮಾಡುತ್ತೇವೆ. ಚೀನಾದ ಊಟದಲ್ಲಿ ಅನ್ನ ಒಂದು ಕಡೆ, ಪದಾರ್ಥ ಒಂದು ಕಡೆ. ಹೆಕ್ಕಿ ಹೆಕ್ಕಿ ತಿನ್ನುವುದು. ಹೆಕ್ಕುವ ಊಟಕ್ಕೆ ಕಡ್ಡಿ, ಕಲಸುವ ಊಟಕ್ಕೆ ಬೆರಳು. ಬಾಳೆ ಎಲೆಯನ್ನು ಎತ್ತಿ ತುಟಿಗೆ ಹಿಡಿಯುವಂತೆಯೂ ಇಲ್ಲ.

ಕರ್ನಾಟಕದಲ್ಲೇ ಈ ಎರಡು ಲೋಕ ಕೂಡುವ ಜಾಗವೊಂದಿದೆ. ಕುಶಾಲನಗರದ ಪಕ್ಕದ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಥುಕ್ಪಾ ಎಂಬ ನೂಡಲ್ಸ್ ಸಾರನ್ನು ಕಡ್ಡಿ ಹಿಡಿದು ತಿನ್ನುವವರನ್ನು ಅಲ್ಲಿ ಕಾಣಬಹುದು. ಅದೇ ಜನ ಹುರಿದ ಜವೆಗೋಧಿ ಹಿಟ್ಟಿಗೆ ಬೆಣ್ಣೆ ಚಹಾ ಹಾಕಿ, ಬಟ್ಟಲಲ್ಲೇ ಕೈಯಿಂದ ನಾದಿ, ಉಂಡೆ ಕಟ್ಟಿ ತಿನ್ನುತ್ತಾರೆ. ಆ ಹಿಟ್ಟಿನ ಹೆಸರು ತ್ಸಂಪಾ. ಉಂಡೆ ನೋಡಿದರೆ ಮುದ್ದೆಯ ದಾಯಾದಿ.

ಎಂಜಲಿನ ಪ್ರಶ್ನೆ, ಸಾವಿನ ನೆರಳು

ಬಾಯಿಗಿಟ್ಟ ಕಡ್ಡಿಯನ್ನೇ ಎಲ್ಲರ ಪಾತ್ರೆಗೆ ಹಾಕುತ್ತಾರಲ್ಲ, ಎಂಜಲಾಗುವುದಿಲ್ಲವೇ ಎಂದು ನಮ್ಮವರು ಕೇಳುತ್ತಾರೆ. ಚೀನೀ ವೈದ್ಯರೂ ಇದನ್ನೇ ಕೇಳಿದ್ದರು. ಪೆನಾಂಗಿನಲ್ಲಿ ಹುಟ್ಟಿದ ಡಾ. ವು ಲಿಯೆನ್‌ತೆ 1910-11ರಲ್ಲಿ ಮಂಚೂರಿಯಾದ ಪ್ಲೇಗನ್ನು ಹತೋಟಿಗೆ ತಂದವರು. ಒಂದೇ ಪಾತ್ರೆಗೆ ಎಲ್ಲರ ಕಡ್ಡಿ ಬೀಳುವುದು ರೋಗದ ದಾರಿ ಎಂದು ಎಚ್ಚರಿಸಿ, ಮೇಜಿನ ಮಧ್ಯೆ ತಿರುಗುವ ಹಲಗೆ ಇಟ್ಟು ಬಡಿಸಿಕೊಳ್ಳಲು ಬೇರೆ ಕಡ್ಡಿ, ಚಮಚ ಇಡುವ ಉಪಾಯ ಹೇಳಿದರು. 2003ರ ಸಾರ್ಸ್ ಬಂದಾಗ, 2020ರ ಕೊರೊನಾ ಬಂದಾಗ ಬಡಿಸುವ ಕಡ್ಡಿಯ ಪ್ರಚಾರ ಅಲ್ಲಿ ಮತ್ತೆ ಜೋರಾಯಿತು.

ಇನ್ನೆರಡು ನಿಷೇಧಗಳನ್ನು ಅಲ್ಲಿಗೆ ಹೋಗುವವರು ತಿಳಿದಿರಲೇಬೇಕು. ಅನ್ನದ ಮೇಲೆ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರ ಮುಂದೆ ಹಚ್ಚುವ ಊದುಬತ್ತಿಯಂತೆ ಅದು ಕಾಣುತ್ತದೆ. ಜಪಾನಿನಲ್ಲಿ ಶವದ ತಲೆಯ ಬಳಿ ಇಡುವ ಅನ್ನದಲ್ಲಿ ಕಡ್ಡಿ ಹಾಗೆಯೇ ನಿಂತಿರುತ್ತದೆ. ಎರಡನೆಯದು, ಕಡ್ಡಿಯಿಂದ ಕಡ್ಡಿಗೆ ತಿಂಡಿ ದಾಟಿಸಬಾರದು. ಜಪಾನಿನಲ್ಲಿ ದಹನದ ನಂತರ ಮನೆಯವರು ಬೂದಿಯ ಸುತ್ತ ನಿಂತು ಮೂಳೆಗಳನ್ನು ಕಡ್ಡಿಯಿಂದ ಹೆಕ್ಕುತ್ತಾರೆ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರದಕ್ಕೆ ದಾಟಿಸುತ್ತಾರೆ. ಪಾದದ ಮೂಳೆ ಮೊದಲು, ತಲೆಯದು ಕೊನೆಗೆ. ಕುಡಿಕೆಯೊಳಗೂ ಹೋದವರು ನೆಟ್ಟಗೆ ಕೂತಿರಲಿ ಎಂದು. ಅಸ್ಥಿ ಸಂಚಯಕ್ಕೆ ಸ್ಮಶಾನಕ್ಕೆ ಹೋಗಿ ಬಂದವರಿಗೆ ಆ ದೃಶ್ಯ ದೂರದ್ದೆನಿಸದು.

ಮುರಿದು ಎಸೆಯುವ ಕಡ್ಡಿ

ಹೋಟೆಲಿನಲ್ಲಿ ಕೊಡುವ, ನಡುವೆ ಸೀಳಿ ಬೇರೆ ಮಾಡುವ ಮರದ ಕಡ್ಡಿ ಜಪಾನಿನದು. ನಾರಾ ಬಳಿಯ ಯೋಶಿನೊದಲ್ಲಿ ಪೀಪಾಯಿಗೆ ಹಲಗೆ ಕೊಯ್ದು ಉಳಿದ ಚೂರುಗಳಿಂದ ಅದನ್ನು ಮಾಡುತ್ತಿದ್ದರು. ವ್ಯರ್ಥವಾಗುವ ಮರಕ್ಕೆ ಒಂದು ಉಪಯೋಗ. ನಮ್ಮ ಮುತ್ತುಗದೆಲೆಯಂತೆ, ಊಟ ಮುಗಿದ ಮೇಲೆ ಮಣ್ಣಿಗೆ. ಬೇಡಿಕೆ ಬೆಳೆದಾಗ ಚೂರು ಸಾಲದೆ ಮರಗಳನ್ನೇ ಕಡಿಯತೊಡಗಿದರು. ಚೀನಾ 2006ರಲ್ಲಿ ಇಂಥ ಕಡ್ಡಿಯ ಮೇಲೆ ಶೇ. 5ರಷ್ಟು ತೆರಿಗೆ ಹಾಕಿತು. ಜಪಾನಿನಲ್ಲಿ ಸ್ವಂತ ಕಡ್ಡಿಯನ್ನು ಚೀಲದಲ್ಲಿ ಒಯ್ಯುವವರಿದ್ದಾರೆ.

ಹಿಡಿಯುವುದು ಹೇಗೆ?

ಎರಡು ಕಡ್ಡಿಯನ್ನೂ ಆಡಿಸಲು ಹೋಗುವುದೇ ಹೊಸಬರ ತಪ್ಪು. ಆಡುವುದು ಒಂದೇ.

ಕೆಳಗಿನ ಕಡ್ಡಿಯನ್ನು ಹೆಬ್ಬೆರಳಿನ ಬುಡದ ಸಂದಿಯಲ್ಲಿ ಇಟ್ಟು ಉಂಗುರ ಬೆರಳಿನ ಪಕ್ಕಕ್ಕೆ ಆನಿಸಿ. ಇದು ಗೋಡೆ, ಅಲುಗಬಾರದು. ಮೇಲಿನ ಕಡ್ಡಿಯನ್ನು ಪೆನ್ನು ಹಿಡಿದಂತೆ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿಯಿರಿ. ಇದು ಬಾಗಿಲು, ತೆರೆದು ಮುಚ್ಚಬೇಕು. ತುದಿಗಳು ಸಮವಾಗಿರಲಿ, ಇಲ್ಲದಿದ್ದರೆ ಕತ್ತರಿಯಂತೆ ದಾಟಿಹೋಗುತ್ತವೆ. ಇಕ್ಕಳದಂತೆ ಬಿಗಿ ಹಿಡಿಯಬೇಡಿ, ಒತ್ತಿದಷ್ಟೂ ಜಾರುತ್ತದೆ. ಕಲಿಯಲು ಲೋಹದ್ದು ಬೇಡ, ಬಿದಿರಿನದು ಒರಟಾಗಿರುವುದರಿಂದ ಹಿಡಿತ ಚೆನ್ನ.

ಇಷ್ಟು ಹೇಳಿಕೊಟ್ಟು, ಚಿತ್ರಾನ್ನವನ್ನು ತಟ್ಟೆಯಿಂದ ಒಂದು ಪುಟ್ಟ ಬಟ್ಟಲಿಗೆ ಸುರಿದು ಅವಳ ಎಡಗೈಗೆ ಕೊಟ್ಟೆ. ಬಟ್ಟಲು ಗಲ್ಲದ ಹತ್ತಿರ ಬಂತು, ಅನ್ನ ಬಾಯಿಗೆ ಹೋಯಿತು. ಕೊನೆಗೆ ತಳದಲ್ಲಿ ಒಗ್ಗರಣೆಯ ಒಂದು ಕಡಲೆಬೀಜ ಉಳಿದಿತ್ತು. ಮೂರು ಸಲ ಜಾರಿತು. ನಾಲ್ಕನೆಯ ಸಲ ಸಿಕ್ಕಿತು. ಅವಳು ಅದನ್ನು ತಿನ್ನದೆ ಹಾಗೇ ಎತ್ತಿ ಹಿಡಿದು, “ಅಜ್ಜೀ, ಇಲ್ನೋಡಿ” ಎಂದು ಅಡುಗೆಮನೆಗೆ ಓಡಿದಳು.